ತುಟಿಗೊಂದು ತೂತು

ಮೂವತ್ತು ವರ್ಷ ಹಾಸನದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ, ಬಿಡುವಾದಾಗ ಪುಸ್ತಕಗಳ ಗುಣದೋಷ ಬರೆಯುತ್ತ ಬಂದವಳು ನಾನು. ಒಂದು ತುಟಿಯ ಗುಣದೋಷ ಬರೆಯುವ ಕಾಲವೂ ಬಂದೀತೆಂದು ಎಣಿಸಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು ಒಂದು ದಿನ ಫೋನು ಮಾಡಿ, "ದೊಡ್ಡಮ್ಮ, ಕೆಳತುಟಿ ಚುಚ್ಚಿಸ್ಕೋತಾ ಇದೀನಿ. ಜೊತೆಗೆ ಬರ್ತೀಯಾ?" ಎಂದಳು. ಅವಳಿಗೆ ಇಪ್ಪತ್ತಮೂರು ತುಂಬಿದೆ. ಮೂಗುಬೊಟ್ಟಿನಂಥ ಸಣ್ಣ ಕಡ್ಡಿಯಲ್ಲವಂತೆ, ದಪ್ಪವೇ 3.2 ಮಿಲಿಮೀಟರು. ತುಟಿಗೆ ಸಾಧಾರಣವಾಗಿ ಹಾಕುವುದು 1.2 ಅಥವಾ 1.6 ಎಂದು ಅವಳೇ ಹೇಳಿದಳು. ನಾನು ಅಳತೆಪಟ್ಟಿ ತೆಗೆದು ನೋಡಿದೆ. ಪೆನ್ಸಿಲಿನ ಅರ್ಧ ದಪ್ಪಕ್ಕೆ ಸ್ವಲ್ಪವೇ ಕಡಿಮೆ!

"ಅಮ್ಮಂಗೆ ಹೇಳಿದೀಯಾ?" ಎಂದೆ.

"ಹೇಳ್ದೆ. ಫೋನ್ ಇಟ್ಟುಬಿಟ್ಲು."

ಹೋದೆ. ತಡೆಯುವುದಕ್ಕೆಂದೇ ಹೋದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬಸ್ಸಿನಲ್ಲಿ ಕೂತಾಗ ನೆನಪಾದದ್ದು ನನ್ನ ಮೂಗು. ಒಂಬತ್ತನೆಯ ವರ್ಷದಲ್ಲಿ ನನ್ನನ್ನು ಆಚಾರ್ರ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಮಿಠಾಯಿ ಕೊಡಿಸುತ್ತೇವೆಂದು ಹೊರಡಿಸಿದ್ದು. ಅಮ್ಮ ತಲೆ ಹಿಡಿದಳು, ಅತ್ತೆ ಕೈ ಹಿಡಿದರು, ಆಚಾರ್ರು ಚೂಪು ಮಾಡಿದ ಚಿನ್ನದ ತಂತಿಯನ್ನು ಬಲಮೂಗಿಗೆ ತೂರಿಸಿ ತಿರುಚಿದರು. ಅರಿಶಿನ, ಕೊಬ್ಬರಿ ಎಣ್ಣೆ, ಆಮೇಲೆ ಬೇವಿನ ಕಡ್ಡಿ. ಮೂರು ತಿಂಗಳು ಕೀವು ಸೋರಿತು. ಮಿಠಾಯಿಯನ್ನಂತೂ ಕೊಡಿಸಿದರು, ಸುಳ್ಳು ಹೇಳಬಾರದು. ಆದರೆ ಯಾವ ಕಡೆ, ಯಾವತ್ತು, ಬೇಕೋ ಬೇಡವೋ, ಒಂದನ್ನೂ ಯಾರೂ ಕೇಳಲಿಲ್ಲ. ನಾವು ಯಾರೂ ಅದನ್ನು ಹಿಂಸೆ ಎನ್ನುವುದಿಲ್ಲ, ಲಕ್ಷಣ ಎನ್ನುತ್ತೇವೆ.

ಅಂಗಡಿ ಅನ್ನಬಾರದಂತೆ, ಸ್ಟುಡಿಯೋ ಅನ್ನಬೇಕು. ಒಳಗೆ ಹೋದರೆ ದಂತವೈದ್ಯರ ಕೋಣೆಯ ಹಾಗಿತ್ತು. ಚುಚ್ಚುವವನು ಮೂವತ್ತರ ಆಸುಪಾಸಿನ ಹುಡುಗ. ಸಾಮಾನುಗಳನ್ನು ಒತ್ತಡದ ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ಯಂತ್ರವನ್ನು ನಾನು ಕೇಳುವ ಮೊದಲೇ ತೋರಿಸಿದ. ನಮ್ಮೂರಿನ ಫ್ಯಾನ್ಸಿ ಸ್ಟೋರಿನಲ್ಲಿ ಕಿವಿಗೆ ಹೊಡೆಯುವ ಗನ್ನಿನ ಮಾತೆತ್ತಿದೆ. ಅವನು ಮುಖ ಸಿಂಡರಿಸಿದ. ಗನ್ನು ಮೊಂಡು ಕಡ್ಡಿಯನ್ನು ಒತ್ತಿ ಮಾಂಸ ಹರಿಯುತ್ತದೆ, ಪ್ಲಾಸ್ಟಿಕ್ಕಿನದಾದರೆ ಆ ಹಬೆಯನ್ನು ತಡೆಯುವುದೂ ಇಲ್ಲ ಎಂದ. ಇಲ್ಲಿ ಬಳಸುವುದು ಒಳಗೆ ಟೊಳ್ಳಿರುವ ಸೂಜಿ, ಒಬ್ಬರಿಗೆ ಒಂದೇ ಸಲ.

ಆಮೇಲೆ ಅವನು ಮಾಡಿದ ಕೆಲಸವನ್ನು ನಾನು ಮೆಚ್ಚಲೇಬೇಕು. ಹುಡುಗಿಯ ತುಟಿಯ ಕೆಳಗೆ ಶಾಯಿಯಿಂದ ಒಂದು ಚುಕ್ಕೆ ಇಟ್ಟು, ಕನ್ನಡಿಯ ಮುಂದೆ ನಿಲ್ಲಿಸಿ, ಸರಿಯಾಗಿದೆಯಾ ನೋಡಿ ಎಂದ. "ಸ್ವಲ್ಪ ಎಡಕ್ಕೆ" ಎಂದಳು. ಒರೆಸಿ ಮತ್ತೆ ಇಟ್ಟ. "ಊಹೂಂ, ಜಾಸ್ತಿ ಆಯ್ತು." ಮತ್ತೆ ಒರೆಸಿದ. ಹೀಗೆ ನಾಲ್ಕು ಸಲ. ತಡೆಯಲು ಬಂದವಳು ಆ "ಸ್ವಲ್ಪ ಎಡಕ್ಕೆ" ಕೇಳಿ ಸುಮ್ಮನಾಗಿಬಿಟ್ಟೆ. ನನ್ನ ಮೂಗಿನ ವಿಚಾರದಲ್ಲಿ ಯಾರಾದರೂ ನನ್ನಿಂದ ಆ ಎರಡು ಮಾತು ಆಡಿಸಿದ್ದರೆ!

ಇಷ್ಟು ಗುಣ. ಇನ್ನು ದೋಷ.

ಸಹಿ ಹಾಕಲು ಕೊಟ್ಟ ಕಾಗದದಲ್ಲಿ ಇಂಗ್ಲಿಷಿನ ಸಣ್ಣಕ್ಷರದ ಹತ್ತು ಹದಿನೈದು ಸಾಲುಗಳಿದ್ದವು. ಎಲ್ಲೋ ನಡುವೆ ವಸಡಿನ ಮಾತು. ನಾನು ಕನ್ನಡಕ ಏರಿಸಿ ಓದಿ, ಇದೇನು ಎಂದು ಕೇಳಿದ ಮೇಲೆ ಅವನು ಬಿಡಿಸಿ ಹೇಳಿದ. ತುಟಿಯ ಒಳಗೆ ಕೂರುವ ಬಿಲ್ಲೆ ವಸಡಿಗೆ ಉಜ್ಜಿ ಉಜ್ಜಿ ವಸಡು ಕೆಳಗಿಳಿಯಬಹುದು. ಹಾಗೆ ಸವೆದ ವಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹಲ್ಲಿನ ಅಂಚು ಚಕ್ಕೆ ಏಳುವುದೂ ಉಂಟು. ಒಡವೆ ದೊಡ್ಡದಾದಷ್ಟೂ, ವರ್ಷಗಳು ಕಳೆದಷ್ಟೂ ಅಪಾಯ ಹೆಚ್ಚು. ಚುಕ್ಕೆಯನ್ನು ನಾಲ್ಕು ಸಲ ತೋರಿಸಿದವನು ಇದನ್ನು ಒಂದು ಸಲವಾದರೂ ತಾನಾಗಿ ಹೇಳಬೇಕಿತ್ತು.

ಎರಡನೆಯದು ಗೋಡೆಯ ಮೇಲಿತ್ತು. ಕೆಳತುಟಿಯಲ್ಲಿ ತಟ್ಟೆಯಷ್ಟು ಅಗಲದ ಬಿಲ್ಲೆ ತೊಟ್ಟ ಆಫ್ರಿಕದ ಹೆಂಗಸಿನ ದೊಡ್ಡ ಫೋಟೋ. ಗುಲಾಮರ ವ್ಯಾಪಾರಿಗಳು ಹಿಡಿದೊಯ್ಯದಿರಲಿ ಎಂದು ಅವರು ಮುಖ ಕೆಡಿಸಿಕೊಂಡರಂತೆ ಎಂದ ಹುಡುಗ. ಊರಿಗೆ ಬಂದ ಮೇಲೆ ಹುಡುಕಿ ಓದಿದೆ. ಅಂಥ ಬಿಲ್ಲೆ ತೊಡುವವರಲ್ಲಿ ಹೆಸರಾದವರು ಇಥಿಯೋಪಿಯದ ನೈಋತ್ಯದಲ್ಲಿ, ಓಮೋ ನದಿಯ ಕಣಿವೆಯಲ್ಲಿರುವ ಮುರ್ಸಿ ಜನ. 1960ರ ದಶಕದ ಕೊನೆಯಿಂದ ಅವರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಡೇವಿಡ್ ಟರ್ಟನ್ ಆ ಗುಲಾಮರ ಕತೆಯನ್ನು ಒಪ್ಪುವುದಿಲ್ಲ. ಅಲ್ಲಿ ಹದಿನೈದು ಹದಿನಾರರ ಹುಡುಗಿಯ ತುಟಿಯನ್ನು ತಾಯಿಯೋ ನೆರೆಯ ಹೆಂಗಸೋ ಕೊಯ್ದು, ಒಂದು ಮರದ ಬೆಣೆ ಇಡುತ್ತಾರೆ. ಗಾಯ ಮಾಗಿದ ಮೇಲೆ ಇನ್ನೊಂದು ತುಸು ದಪ್ಪದ ಬೆಣೆ, ಆಮೇಲೆ ಮತ್ತೊಂದು. ತಿಂಗಳುಗಟ್ಟಲೆ ನಡೆಯುವ ಕೆಲಸ ಅದು. ಎಷ್ಟು ಅಗಲ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ಬಹುಮಟ್ಟಿಗೆ ಹುಡುಗಿಗೇ ಬಿಟ್ಟದ್ದು. ಮಣ್ಣಿನ ಬಿಲ್ಲೆಗಳನ್ನು ಮಾಡುವವರೂ ಹೆಂಗಸರೇ. ಪ್ರವಾಸಿಗಳು ಜೀಪಿನಲ್ಲಿ ಬಂದು ಒಂದೊಂದು ಫೋಟೋಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಹೋಗುತ್ತಾರೆ. ಅಂಥ ಫೋಟೋಗಳಲ್ಲಿ ತಟ್ಟೆ ಕಾಣುತ್ತದೆ, ಆ ತಿಂಗಳುಗಳು ಕಾಣುವುದಿಲ್ಲ.

ನನ್ನ ಮುಖ್ಯ ತಕರಾರು ಹುಟ್ಟಿದ್ದೂ ಇದನ್ನು ಓದಿದ ಮೇಲೆಯೇ. 1.6ರಲ್ಲಿ ಶುರು ಮಾಡಿ ತಿಂಗಳುಗಳ ಮೇಲೆ ಹಿಗ್ಗಿಸುತ್ತ ಹೋಗುವ ದಾರಿ ಸ್ಟುಡಿಯೋದವರಿಗೂ ಗೊತ್ತು. ಆ ಹುಡುಗ ಅದನ್ನು ಒಂದು ಸಲ ಹೇಳಿ ನೋಡಿದ. ಇವಳು "ಬೇಡ, ಒಂದೇ ಸಲ" ಎಂದಳು. ಅವನು ತುಟಿಯ ದಪ್ಪ ನೋಡಿ ಒಪ್ಪಿಬಿಟ್ಟ. ಸಣ್ಣ ತೂತು ಬೇಡವಾದರೆ ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು, ದೊಡ್ಡದರ ಭರವಸೆ ಅಷ್ಟಿಲ್ಲ. ಪ್ರತಿ ಬೆಣೆಗೂ "ಸಾಕು" ಎನ್ನಲು ಮುರ್ಸಿ ಹುಡುಗಿಗೆ ಒಂದು ಎಡೆಯಿದೆ. ನನಗೆ ಒಂದು ಸಲವೂ ಇರಲಿಲ್ಲ. ಇವಳಿಗೆ ಇದ್ದದ್ದು ಒಂದು ಮಧ್ಯಾಹ್ನ. ಆ ಮಧ್ಯಾಹ್ನವನ್ನು ಅವನು ಚೆನ್ನಾಗಿಯೇ ನಡೆಸಿದ ಎನ್ನುವುದು ಬೇರೆ ಮಾತು.

ಚುಚ್ಚಿದ್ದು ಎರಡು ಕ್ಷಣ. ಇಕ್ಕಳದಲ್ಲಿ ತುಟಿ ಹಿಡಿದು, ಉಸಿರು ಬಿಡಿ ಎಂದ, ಸೂಜಿ ಆಚೆ ಬಂದಿತ್ತು. ನನ್ನ ಕೈಯಲ್ಲಿದ್ದ ಅವಳ ಕೈ ನನ್ನ ಬಳೆಗಳನ್ನು ಹಿಂಡಿತು. ಊದುವುದಕ್ಕೆ ಜಾಗ ಬೇಕೆಂದು ಮೊದಲು ಉದ್ದದ ಟೈಟೇನಿಯಂ ಕಡ್ಡಿ ಹಾಕಿದ. ಊತ ಇಳಿದ ಮೇಲೆ ಬಂದು ಗಿಡ್ಡದ್ದು ಹಾಕಿಸಿಕೊಳ್ಳದಿದ್ದರೆ ಹಲ್ಲಿಗೆ ಬಡಿಯುತ್ತದೆ ಎಂದ. ಉಪ್ಪುನೀರು, ಮೆತ್ತನೆಯ ಊಟ, ಖಾರ ಬೇಡ, ಬೆರಳು ಹಾಕಬೇಡಿ.

ತಂಗಿಗೆ ಫೋನು ಮಾಡಿದರೆ ಒಂದೇ ಮಾತು: "ನಮ್ಮ ಮನೆತನದಲ್ಲಿ ಯಾರೂ ಬಾಯಿ ಚುಚ್ಚಿಸಿಕೊಂಡಿಲ್ಲ." ಅದು ನಿಜವಲ್ಲ. ನಮ್ಮ ಅಜ್ಜಿ, ತಾತನ ಕಾಯಿಲೆ ವಾಸಿಯಾಗಲೆಂದು ಮಾರಮ್ಮನ ಜಾತ್ರೆಯಲ್ಲಿ ಬಾಯಿಬೀಗ ಹಾಕಿಸಿಕೊಂಡವಳು. ಉಪವಾಸವಿದ್ದು, ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಲೋಹದ ಸರಳು ತೂರಿಸಿಕೊಂಡು, ಮಾತಿಲ್ಲದೆ ಗುಡಿ ಸುತ್ತಿದವಳು. ಅದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಗಂಡನಿಗಾಗಿ ಬಾಯಿಗೆ ಬೀಗ ಹಾಕಿಕೊಂಡರೆ ಹೆಮ್ಮೆ, ತನಗಾಗಿ ಒಡವೆ ಇಟ್ಟುಕೊಂಡರೆ ಮಾನ ಹೋಯಿತು! ತುಟಿಯ ಒಡವೆ ಎಂದರೆ ಕಾಡುತನ ಎನ್ನುವವರಿಗೆ ಇನ್ನೊಂದು ಹೇಳುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮೆಕ್ಸಿಕೋದ ಅಜ್ಟೆಕ್ ಜನರ ಒಂದು ಚಿನ್ನದ ತುಟಿಯೊಡವೆ ಇದೆ. ಹಾವಿನ ಹೆಡೆ, ಅದರ ನಾಲಿಗೆ ಅಲುಗಾಡುತ್ತದೆ. ಅಂಥದ್ದು ತೊಡುತ್ತಿದ್ದವರು ಅರಸರು, ಮೇಲುಕುಲದವರು. ಅವರ ಭಾಷೆಯಲ್ಲಿ ದೊರೆಗೆ ಇದ್ದ ಹೆಸರಿನ ಅರ್ಥ 'ಮಾತಾಡುವವನು' ಎಂದು.

ನೋಡಲು ಹೇಗಿದೆ ಎಂದು ನೀವು ಕೇಳುತ್ತೀರಿ. ಆರು ವಾರದ ಮೇಲೆ, ಗಿಡ್ಡ ಕಡ್ಡಿ ಹಾಕಿಸಿಕೊಂಡಾಗ ನೋಡಿದೆ. ಸುಮ್ಮನೆ ಕೂತಾಗ ಆ ಮುಖಕ್ಕೆ ಅದು ಹೆಚ್ಚಾಯಿತು. ಅವಳ ಗಲ್ಲ ಸಣ್ಣದು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಕ್ಕಾಗ ಮಾತ್ರ ಸರಿಯಾಗಿ ಕೂರುತ್ತದೆ. ವರ್ಷಕ್ಕೊಮ್ಮೆ ವಸಡು ತೋರಿಸುತ್ತೇನೆಂದು ಮಾತು ಕೊಟ್ಟಿದ್ದಾಳೆ.

ಚುಚ್ಚಿಸಿದ ಮಾರನೆಯ ರಾತ್ರಿಯ ಸಂಗತಿಯೊಂದು ಉಳಿಯಿತು. ತುಟಿ ಬಾಳೆಹಣ್ಣಿನಂತೆ ಊದಿತ್ತು. ಎರಡು ತುಟಿ ಕೂಡಿದರೆ ತಾನೆ ಪ ಬ ಮ ಹುಟ್ಟುವುದು? ಅವಳಿಗೆ ಕೂಡುತ್ತಿರಲಿಲ್ಲ. ತಂಗಿಗೆ ನಾನೇ ಫೋನು ಹಚ್ಚಿ ಹುಡುಗಿಯ ಕಿವಿಗಿಟ್ಟೆ. ಆ ಕಡೆ ಮೌನ. ಇವಳು ಕಷ್ಟಪಟ್ಟು "ಅಮ್ಮ" ಎನ್ನಲು ಹೋದಳು, ಬಂದದ್ದು "ಅನ್ನ".

"ಅನ್ನ ಬೇಡ" ಎಂದಳು ತಂಗಿ, ಒಂದು ಗಳಿಗೆ ಬಿಟ್ಟು. "ಗಂಜಿ ಮಾಡಿಕೊಡು ಅಂತ ದೊಡ್ಡಮ್ಮಂಗೆ ಹೇಳು. ಆರಿಸಿಕೊಂಡು ಕುಡಿ."