ಒಂದು ಪದ, ಮೂರು ವರ್ಗ: ಇಂಗ್ಲಿಷಿನ ‘ಬಿಫೋರ್’ ಮತ್ತು ಪದವರ್ಗ ನಿರ್ಣಯದ ಮಾನದಂಡ

ಇಂಗ್ಲಿಷ್ ನಿಘಂಟುಗಳು ‘ಬಿಫೋರ್’ ಪದವನ್ನು ವಾಡಿಕೆಯಂತೆ ಮೂರು ವರ್ಗಗಳಲ್ಲಿ ನಮೂದಿಸುತ್ತವೆ. ‘ಬಿಫೋರ್ ದಿ ವಾರ್’ ಎಂಬಲ್ಲಿ ಅದು ಪ್ರಿಪೊಸಿಷನ್. ‘ಬಿಫೋರ್ ಹಿ ಲೆಫ್ಟ್’ ಎಂಬಲ್ಲಿ ಸಂಯೋಜಕ. ‘ಐ ಹ್ಯಾಡ್ ಸೀನ್ ಹಿಮ್ ಬಿಫೋರ್’ ಎಂಬಲ್ಲಿ ಕ್ರಿಯಾವಿಶೇಷಣ. ಮೂರರಲ್ಲೂ ಅರ್ಥ ಒಂದೇ. ಬದಲಾಗುವುದು ಪೂರಕ ಮಾತ್ರ: ಮೊದಲನೆಯದರಲ್ಲಿ ನಾಮಪದಗುಚ್ಛ, ಎರಡನೆಯದರಲ್ಲಿ ಉಪವಾಕ್ಯ, ಮೂರನೆಯದರಲ್ಲಿ ಪೂರಕವೇ ಇಲ್ಲ.

ಕ್ರಿಯಾಪದಗಳಿಗೆ ಈ ಮಾನದಂಡವನ್ನು ಯಾರೂ ಅನ್ವಯಿಸುವುದಿಲ್ಲ. ‘ಐ ನೋ ದಿ ಆನ್ಸರ್’, ‘ಐ ನೋ ಹಿ ಲೆಫ್ಟ್’, ‘ಐ ನೋ’ ಎಂಬ ಮೂರರಲ್ಲೂ ‘ನೋ’ ಕ್ರಿಯಾಪದವೇ. ಈ ಅಸಂಗತಿಯನ್ನು ಯೆಸ್ಪರ್ಸನ್ 1924ರ ‘ದಿ ಫಿಲಾಸಫಿ ಆಫ್ ಗ್ರಾಮರ್’ ಕೃತಿಯಲ್ಲೇ ಗುರುತಿಸಿದ್ದರು. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಮೂರನ್ನೂ ಪ್ರಿಪೊಸಿಷನ್ ಎಂದೇ ಪರಿಗಣಿಸುತ್ತಾರೆ. ‘ಟು ಡೇಸ್’ ಎಂಬ ವಿಶೇಷಕ ಮೂರು ಬಳಕೆಗಳಿಗೂ ಸಮಾನವಾಗಿ ಹೊಂದುವುದು ಈ ಏಕತೆಗೆ ಪೋಷಕವಾಗಿದೆ. ಆದರೆ ಅದು ‘ಲೇಟರ್’ ಪದಕ್ಕೂ ಹೊಂದುತ್ತದೆ. ಆದ್ದರಿಂದ ಈ ಪರೀಕ್ಷೆಯೊಂದರಿಂದಲೇ ವರ್ಗದ ಹೆಸರು ಸಿದ್ಧವಾಗದು.

ಈ ಚರ್ಚೆ ಕೇವಲ ಪಾರಿಭಾಷಿಕವಲ್ಲ. ಪೆನ್ ಟ್ರೀಬ್ಯಾಂಕಿನ 36 ಪದವರ್ಗ ಗುರುತುಗಳಲ್ಲಿ ಪ್ರಿಪೊಸಿಷನ್ ಮತ್ತು ಅಧೀನ ಸಂಯೋಜಕಗಳಿಗೆ ‘ಐಎನ್’ ಎಂಬ ಒಂದೇ ಗುರುತಿದೆ. ಹೀಗಾಗಿ ಉಪವಾಕ್ಯದ ಆರಂಭವನ್ನಷ್ಟೇ ಸೂಚಿಸುವ ‘ವೆದರ್’ ಕೂಡ ‘ಬಿಫೋರ್’ ಜೊತೆ ಸೇರುತ್ತದೆ. ಪೂರಕವಿಲ್ಲದ ‘ಬಿಫೋರ್’ ಮಾತ್ರ ಕ್ರಿಯಾವಿಶೇಷಣವಾಗಿ ಹೊರಗುಳಿಯುತ್ತದೆ. ಕೇಂಬ್ರಿಜ್ ವ್ಯಾಕರಣ ಬೇರ್ಪಡಿಸಿದ್ದನ್ನು ಇದು ಕೂಡಿಸುತ್ತದೆ, ಅದು ಕೂಡಿಸಿದ್ದನ್ನು ಬೇರ್ಪಡಿಸುತ್ತದೆ. 17 ವರ್ಗಗಳ ಯೂನಿವರ್ಸಲ್ ಡಿಪೆಂಡೆನ್ಸೀಸ್ ಮತ್ತೆ ಮೂರು ಪಾಲಿಗೆ ಮರಳುತ್ತದೆ. ಆದ್ದರಿಂದ ಯಂತ್ರವು ‘ತಪ್ಪು’ ಗುರುತು ಹಾಕಿತೆಂದಾಗ ಆ ತಪ್ಪು ಭಾಷೆಯದ್ದೋ ಒಡಂಬಡಿಕೆಯದ್ದೋ ಎಂದು ಕೇಳಲೇಬೇಕಾಗುತ್ತದೆ.

ಇಂಥ ವಿಂಗಡಣೆಯನ್ನು ಕನ್ನಡಕ್ಕೆ ತರುವಾಗ ಈ ಎಚ್ಚರ ಇನ್ನೂ ಅಗತ್ಯ. ‘ಊಟಕ್ಕೆ ಮುಂಚೆ’, ‘ಅವನು ಬರುವ ಮುಂಚೆ’, ‘ಮುಂಚೆ ನೋಡಿದ್ದೆ’ ಎಂಬ ಸಾಲು ಇಂಗ್ಲಿಷಿನ ಸಾಲನ್ನೇ ಹೋಲುತ್ತದೆ. ಆದರೆ ‘ಬರುವ’ ಎಂಬುದು ನಾಮಪದವನ್ನು ವಿಶೇಷಿಸುವ ಕೃದಂತರೂಪ. ‘ಬರುವ ದಿನ’ ಎಂಬಲ್ಲಿ ‘ದಿನ’ ಇರುವ ಸ್ಥಾನದಲ್ಲೇ ಇಲ್ಲಿ ‘ಮುಂಚೆ’ ಇದೆ. ಅದಕ್ಕೆ ಇಂಗ್ಲಿಷಿನ ಮಾದರಿಯಲ್ಲಿ ಸಂಯೋಜಕವೆಂಬ ಗುರುತು ಹಚ್ಚಿದರೆ ಈ ನಾಮಸದೃಶ ಲಕ್ಷಣ ದತ್ತಾಂಶದಲ್ಲೇ ಮರೆಯಾಗುತ್ತದೆ. ಅದನ್ನು ಆಧರಿಸಿದ ಮುಂದಿನ ಸಂಶೋಧಕರಿಗೆ ಅದು ಕಾಣುವುದೂ ಇಲ್ಲ.

ಪೂರಕದ ಬಗೆ ಪದದ ಉಪವರ್ಗವನ್ನು ನಿರ್ಣಯಿಸಬಲ್ಲದು, ವರ್ಗವನ್ನಲ್ಲ. ವರ್ಗವನ್ನು ಆಯಾ ಭಾಷೆಯ ವಿತರಣೆಯಿಂದಲೇ ಸಾಧಿಸಬೇಕು. ಗುರುತು ಹಚ್ಚುವ ಕೆಲಸ ಆನಂತರದ್ದು.