ದ್ರಿನಾ ನದಿಯ ಸೇತುವೆ: ಬಹುಜನಾಂಗ ರಾಜ್ಯವೊಂದರ ಕಥೆ

ಹಲವು ಜನಾಂಗಗಳು ಒಂದೇ ಪ್ರಭುತ್ವದ ಕೆಳಗೆ ಬಾಳುವಾಗ ಬಲವಿಲ್ಲದವರ ಗತಿಯೇನಾಯಿತೆಂಬ ಪ್ರಶ್ನೆಗೆ ಇತಿಹಾಸಕಾರನು ಶಾಸನಗಳಿಂದಲೂ ಅಂಕಿಗಳಿಂದಲೂ ಉತ್ತರ ಹೇಳುವನು. ಕಾದಂಬರಿಕಾರನು ಹೇಳಬೇಕಾದ ಉತ್ತರವು ಬೇರೆ. ರಾಜಾಜ್ಞೆಯು ಒಬ್ಬ ತಾಯಿಯ ಮನೆಬಾಗಿಲಿಗೆ ಬಂದಾಗ ಏನಾಯಿತೆಂಬುದನ್ನು ಆತನು ತೋರಿಸಬೇಕು. ಈ ಕಾರ್ಯವನ್ನು ಕೈಕೊಂಡ ಗ್ರಂಥಗಳಲ್ಲಿ ಈವೊ ಆಂಡ್ರಿಚನ ‘ದ್ರಿನಾ ನದಿಯ ಸೇತುವೆ’ಗೆ ಹಿರಿಯ ಸ್ಥಾನವಿರುವುದು. ಜರ್ಮನರ ವಶದಲ್ಲಿದ್ದ ಬೆಲ್‌ಗ್ರೇಡ್ ನಗರದಲ್ಲಿ ಬರೆಯಲ್ಪಟ್ಟು 1945ರಲ್ಲಿ ಅಚ್ಚಾದ ಈ ಕೃತಿಯು 1959ರಲ್ಲಿ ಇಂಗ್ಲಿಷಿಗೆ ಬಂದಿತು. 1961ರಲ್ಲಿ ಗ್ರಂಥಕರ್ತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಇದರ ಕಲೆಯನ್ನು ಮೆಚ್ಚದವರು ವಿರಳ. ಆದರೆ ಇದು ಎಲ್ಲ ಜನರಿಗೂ ಸಮನಾದ ನ್ಯಾಯವನ್ನು ಸಲ್ಲಿಸಿತೇ ಎಂಬ ವಿಚಾರವು ಇನ್ನೂ ತೀರಿಲ್ಲ.

ಕಥೆಯ ಸ್ಥಳವು ಬಾಸ್ನಿಯದ ವಿಶೆಗ್ರಾದ್ ಎಂಬ ಚಿಕ್ಕ ಊರು. ಕ್ರೈಸ್ತರಾದ ಸರ್ಬರೂ, ಮುಸಲ್ಮಾನರೂ, ಯೆಹೂದ್ಯರೂ ಅಲ್ಲಿ ತಲೆತಲಾಂತರದಿಂದ ಇದ್ದವರು. ಅಲ್ಲಿಯ ಹನ್ನೊಂದು ಕಮಾನುಗಳ ಕಲ್ಲು ಸೇತುವೆಯೇ ಗ್ರಂಥದ ನಾಯಕನೆನ್ನಬಹುದು. ಅದನ್ನು ಕಟ್ಟಿಸಿದವನು ತುರ್ಕಿಯ ಮಹಾವಜೀರನಾಗಿದ್ದ ಮೆಹಮದ್ ಪಾಷಾ ಸೊಕೊಲೊವಿಚ್. ಯೋಜಿಸಿದವನು ಸುಪ್ರಸಿದ್ಧ ಶಿಲ್ಪಿ ಸಿನಾನ್. ಈ ಪಾಷಾ ಹುಟ್ಟಿನಿಂದ ಆ ಸೀಮೆಯದೇ ಒಂದು ಹಳ್ಳಿಯ ಸರ್ಬರ ಹುಡುಗ. ಕ್ರೈಸ್ತ ಒಕ್ಕಲುಗಳಿಂದ ಗಂಡುಮಕ್ಕಳನ್ನು ತೆರಿಗೆಯಾಗಿ ಎತ್ತಿಕೊಂಡು ಹೋಗಿ, ಮತವನ್ನೂ ಹೆಸರನ್ನೂ ಬದಲಿಸಿ, ಸೇನೆಗೂ ಅರಮನೆಗೂ ಅಣಿಮಾಡುವ ಪದ್ಧತಿಯು ಆಗ ತುರ್ಕಿಯಲ್ಲಿತ್ತು. ಕುದುರೆಗಳ ಬೆನ್ನ ಮೇಲಿನ ಬುಟ್ಟಿಗಳಲ್ಲಿ ಮಕ್ಕಳು, ಹಿಂದೆ ಗೋಳಿಡುತ್ತ ಓಡುವ ತಾಯಂದಿರು, ದೋಣಿಗಡವಿನಲ್ಲಿ ಕೊನೆಯ ಅಗಲಿಕೆ: ಈ ಚಿತ್ರವನ್ನು ಆಂಡ್ರಿಚನು ಕೆಲವೇ ಪುಟಗಳಲ್ಲಿ ಮರೆಯಲಾಗದಂತೆ ಬಿಡಿಸಿರುವನು. ಆ ಗಡವಿನಲ್ಲಿ ಹುಡುಗನ ಎದೆಯಲ್ಲಿ ಹುಟ್ಟಿದ ನೋವೇ ದಶಕಗಳ ಮೇಲೆ ಸೇತುವೆಯಾಗಿ ಬೆಳೆಯಿತೆಂಬುದು ಆತನ ಕಲ್ಪನೆ. ಪೀಡಿಸಿದ ವ್ಯವಸ್ಥೆಯೇ ಪೀಡಿತನನ್ನು ಅಧಿಕಾರದ ಶಿಖರಕ್ಕೇರಿಸಿದ ಈ ವೈಚಿತ್ರ್ಯವು ಸಾಮ್ರಾಜ್ಯಗಳ ಸ್ವಭಾವವನ್ನು ಅನೇಕ ಉಪನ್ಯಾಸಗಳಿಗಿಂತ ಸ್ಪಷ್ಟವಾಗಿ ತಿಳಿಸುವುದು.

ಸೇತುವೆಯ ಕೆಲಸಕ್ಕೆ ರೈತರನ್ನು ಬಿಟ್ಟಿ ಹಿಡಿಯುವರು. ವಜೀರನು ಕಳುಹಿಸಿದ ಕೂಲಿಯ ಹಣವನ್ನು ಮೇಲ್ವಿಚಾರಕ ಆಬಿದಾಗನು ನುಂಗುವನು. ಇರುಳಿನಲ್ಲಿ ಕಟ್ಟಡವನ್ನು ಕೆಡವುತ್ತಿದ್ದ ರಾದಿಸಾವನೆಂಬ ಒಕ್ಕಲಿಗನು ಸಿಕ್ಕಿಬಿದ್ದು ಶೂಲಕ್ಕೇರುವನು. ಕಂಬದಲ್ಲಿ ಇಬ್ಬರು ಅವಳಿ ಶಿಶುಗಳನ್ನು ಇಟ್ಟು ಗೋಡೆ ಕಟ್ಟಿದರೆಂದೂ, ಅಲ್ಲಿಂದ ತಾಯಿಯ ಹಾಲು ಈಗಲೂ ಒಸರುವುದೆಂದೂ ಜನರು ನಂಬಿರುವರು. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ಕನ್ನಡಿಗರಿಗೆ ಈ ಐತಿಹ್ಯದ ಮರ್ಮವನ್ನು ವಿವರಿಸಬೇಕಾದುದಿಲ್ಲ. ಆದರೆ ಒಂದು ವ್ಯತ್ಯಾಸವು ಗಮನಾರ್ಹ. ಭಾಗೀರಥಿಯನ್ನು ಬಲಿಗೊಟ್ಟವರು ಅವಳ ಮನೆಯವರೇ. ಕೆರೆಯು ಅವಳ ಊರಿನದೇ. ವಿಶೆಗ್ರಾದಿನಲ್ಲಾದರೋ ಬಲಿಯನ್ನು ಬೇಡಿದುದು ದೂರದ ರಾಜಧಾನಿ, ತೆತ್ತುದು ಅಧೀನವಾದ ಜನ. ಹೀಗಿದ್ದೂ ಅದೇ ಸೇತುವೆಯ ನಡುವಣ ‘ಕಪಿಯಾ’ ಎಂಬ ಕಟ್ಟೆಯ ಮೇಲೆ ಎಲ್ಲ ಮತದವರೂ ಕುಳಿತು ಹರಟುವರು. ಮಹಾಪೂರ ಬಂದ ಇರುಳು ಮೌಲವಿಯೂ, ಪಾದ್ರಿಯೂ, ಯೆಹೂದ್ಯರ ಗುರುವೂ ಒಂದೇ ಮನೆಯಲ್ಲಿ ಆಶ್ರಯ ಪಡೆಯುವರು. ಕೂಡಿ ಬಾಳುವ ಅಭ್ಯಾಸವು ಪ್ರಭುಗಳ ಕೃಪೆಯಿಂದಲ್ಲ, ನೆರೆಹೊರೆಯ ಅಗತ್ಯದಿಂದ ಬೆಳೆಯಿತೆಂಬ ಸತ್ಯವನ್ನು ಕೃತಿಯು ಉಪದೇಶವಿಲ್ಲದೆ ಮನಗಾಣಿಸುವುದು.

1878ರಲ್ಲಿ ಆಸ್ಟ್ರಿಯಾ-ಹಂಗರಿಯ ಸೇನೆಯು ಬಂದೊಡನೆ ಪ್ರಭುತ್ವದ ರೀತಿಯೇ ಬದಲಾಗುವುದು. ತುರ್ಕರು ತೆರಿಗೆಯನ್ನೂ ವಿಧೇಯತೆಯನ್ನೂ ಬೇಡಿ ಜನರನ್ನು ಅವರವರ ಮತದ ಗುರುಗಳಿಗೆ ಬಿಟ್ಟಿದ್ದರು. ಹೊಸ ಅಧಿಕಾರಿಗಳಾದರೋ ಅಳೆಯುವರು, ಎಣಿಸುವರು, ಮನೆಗಳಿಗೆ ನಂಬರು ಬರೆಯುವರು, ತರುಣರನ್ನು ಸೇನೆಗೆ ಸೇರಿಸುವರು. ಖಾನೇಷುಮಾರಿಯ ಲೆಕ್ಕಣಿಕೆಯು ಕತ್ತಿಗಿಂತ ಮೃದುವಾಗಿ ಕಂಡರೂ, ‘ನೀನು ಯಾರು?’ ಎಂಬ ಪ್ರಶ್ನೆಯನ್ನು ಪ್ರತಿ ಮನೆಗೂ ಒಯ್ದುದು ಅದೇ. 1910ರ ಗಣತಿಯಲ್ಲಿ ಬಾಸ್ನಿಯ-ಹರ್ಜೆಗೊವಿನದ ಸುಮಾರು 19 ಲಕ್ಷ ಜನರಲ್ಲಿ ನೂರಕ್ಕೆ 43 ಮಂದಿ ಸರ್ಬ್ ಮಠದ ಕ್ರೈಸ್ತರು, 32 ಮಂದಿ ಮುಸಲ್ಮಾನರು, 23 ಮಂದಿ ಕ್ಯಾಥೊಲಿಕರು. ಅದೇ ವರ್ಷದ ಶಾಸನಸಭೆಯ ಚುನಾಯಿತ ಸ್ಥಾನಗಳನ್ನು ಮತಗಳ ಮೇರೆಗೆ ಹಂಚಿದರು. ಯಾವ ಜನವೂ ಅಲ್ಲಿ ಬಹುಸಂಖ್ಯಾಕವಲ್ಲ, ಎಲ್ಲರೂ ಅಲ್ಪಸಂಖ್ಯಾಕರೇ. ಆದುದರಿಂದಲೇ ಪ್ರಭುವು ಯಾರೆಂಬ ಒಂದು ಸಂಗತಿಯು ಎಲ್ಲರ ಹಣೆಬರಹವನ್ನೂ ನಿರ್ಣಯಿಸುತ್ತಿತ್ತು.

ಆಂಡ್ರಿಚನ ಪ್ರತಿಭೆಯು ಈ ಸಂಧಿಕಾಲದ ಸಣ್ಣ ಪಾತ್ರಗಳಲ್ಲಿ ಅತ್ಯಂತ ಉಜ್ವಲವಾಗಿರುವುದು. ಗೆಲ್ಲಲಾಗದ ಯುದ್ಧವು ಬೇಡವೆಂದ ಅಲಿಹೊಜನ ಕಿವಿಯನ್ನು ಆತನ ಮತದವನೇ ಕಪಿಯಾದ ತೊಲೆಗೆ ಮೊಳೆ ಹೊಡೆದು ಬಂಧಿಸುವನು. ಬಿಡಿಸಿದವನು ಶತ್ರುಸೇನೆಯ ಒಬ್ಬ ಶುಶ್ರೂಷಕ. ಸೇತುವೆಯನ್ನು ಕಾಯುವ ಫೆಡೂನನು ಗಲೀಷಿಯದ ರುಥೇನಿಯನ್, ತಾನೂ ಸಾಮ್ರಾಜ್ಯದ ಒಂದು ಅಲ್ಪಜನಾಂಗದವನು. ಒಬ್ಬ ಹುಡುಗಿಯ ನಗೆಗೆ ಮರುಳಾಗಿ, ಮುದುಕಿಯ ವೇಷದ ಬಂಡುಕೋರನನ್ನು ಅರಿಯದೆ ದಾಟಗೊಟ್ಟು, ಕೊನೆಗೆ ಗುಂಡು ಹಾರಿಸಿಕೊಂಡು ಸಾಯುವನು. ಒಂದು ಸಣ್ಣ ಜನಾಂಗದವನನ್ನು ಇನ್ನೊಂದು ಸಣ್ಣ ಜನಾಂಗದ ಮೇಲೆ ಕಾವಲಿಡುವ ನೀತಿಯ ಕ್ರೌರ್ಯವನ್ನು ಇದಕ್ಕಿಂತ ಮಿತವಾದ ಮಾತುಗಳಲ್ಲಿ ಹೇಳಲು ಸಾಧ್ಯವಿಲ್ಲ.

ಇನ್ನು ದೋಷಗಳ ವಿಚಾರ. ಬಾಸ್ನಿಯದ ಮುಸಲ್ಮಾನ ವಿಮರ್ಶಕರಲ್ಲಿ ಅನೇಕರು ಈ ಗ್ರಂಥದ ಮೇಲೆ ಪಕ್ಷಪಾತದ ಆಕ್ಷೇಪವನ್ನು ಹೊರಿಸಿರುವರು. 1924ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಆಂಡ್ರಿಚನು ತುರ್ಕರ ಆಳ್ವಿಕೆಯು ಬಾಸ್ನಿಯದ ಆತ್ಮಜೀವನವನ್ನು ಕುಗ್ಗಿಸಿತೆಂಬ ಕಠಿಣವಾದ ತೀರ್ಪನ್ನಿತ್ತಿದ್ದನು. ಆ ತೀರ್ಪಿನ ನೆರಳು ಕಾದಂಬರಿಯ ಮೇಲೂ ಬಿದ್ದಿದೆ. ಊರಿನ ಮುಸಲ್ಮಾನರು ನೆರೆಯ ಸರ್ಬರ ನುಡಿಯನ್ನೇ ಆಡುವ ಆ ನೆಲದ ಮಕ್ಕಳು. ಆದರೂ ಕಥೆಯಲ್ಲಿ ಅವರಿಗೆ ‘ತುರ್ಕರು’ ಎಂಬ ಹೆಸರೇ ಬಳಕೆ. ಕಾಲಧರ್ಮವನ್ನನುಸರಿಸಿದ ಮಾತೆಂದು ಇದನ್ನು ಕ್ಷಮಿಸಬಹುದಾದರೂ, ಹೆಸರು ಹಗುರವಾದ ವಸ್ತುವಲ್ಲ. ಈ ಜನರಿಗೆ ಯುಗೋಸ್ಲಾವಿಯದ ಗಣತಿಯಲ್ಲಿ ಒಂದು ಜನಾಂಗವೆಂಬ ಪೂರ್ಣಸ್ಥಾನವು ದೊರೆತುದು 1971ರಲ್ಲಿ. ಹೊರಗಿನವನ ಹೆಸರಿನಿಂದ ಕರೆಯಲ್ಪಟ್ಟವನನ್ನು ಹೊರಗಿನವನೆಂದು ನೂಕುವುದು ಸುಲಭ.

ಎರಡನೆಯ ಕೊರತೆಯು ಇನ್ನೂ ಗುರುತರವಾದುದು. ಆಸ್ಟ್ರಿಯಾದ ಕಾಲದಲ್ಲಿ ಒಕ್ಕಲುಗಳುಳ್ಳ ಭೂಮಾಲಿಕರಲ್ಲಿ ನೂರಕ್ಕೆ 90ಕ್ಕೂ ಮಿಕ್ಕವರು ಮುಸಲ್ಮಾನರು. ಗೇಣಿಯ ಒಕ್ಕಲುಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕವರು ಸರ್ಬರು. ಆ ಸರಕಾರವು ಈ ವ್ಯವಸ್ಥೆಯನ್ನು 40 ವರ್ಷ ಮುರಿಯದೆ ಕಾಪಾಡಿತು. ಮತದ ಕಲಹವೆಂದು ಕಂಡುದರ ಬೇರು ಬಹುಮಟ್ಟಿಗೆ ಹೊಲದಲ್ಲಿತ್ತು. ಕಾದಂಬರಿಯಲ್ಲಿ ಇದು ಅಂಚಿನಲ್ಲಿ ಮಾತ್ರ ಸುಳಿಯುವುದು. ಶೂಲದ ನೋವು ಪುಟಗಟ್ಟಲೆ ಬೆಳೆಯುವುದು. ಗೇಣಿಯ ನೋವಿಗೆ ಅಷ್ಟು ಎಡೆಯಿಲ್ಲ. ಆದುದರಿಂದ ದ್ವೇಷವು ಕಾರಣವಿಲ್ಲದ ಪುರಾತನ ಶಾಪವೆಂಬ ಭಾವನೆಯು ಅಜಾಗರೂಕನಾದ ವಾಚಕನಲ್ಲಿ ಉಳಿದುಬಿಡುವುದು.

ಆದರೂ ಪಕ್ಷಪಾತದ ಆಕ್ಷೇಪವನ್ನು ಇಡಿಯಾಗಿ ಒಪ್ಪಲಾಗದು. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಸರ್ಬಿಯದ ಉಝಿತ್ಸೆ ಪಟ್ಟಣದಿಂದ ಹೊರದೂಡಲ್ಪಟ್ಟ ಮುಸಲ್ಮಾನ ಸಂಸಾರಗಳು ಇದೇ ಸೇತುವೆಯನ್ನು ದಾಟುವ ಸನ್ನಿವೇಶವನ್ನು ನೆನೆಯಬೇಕು. ನಾವು ನಿಮ್ಮ ಕಡೆಗೆ ಓಡಿಬಂದೆವು, ನಾಳೆ ನೀವೆಲ್ಲಿಗೆ ಓಡುವಿರಿ ಎಂಬರ್ಥದ ಎಚ್ಚರಿಕೆಯನ್ನು ಅವರಲ್ಲೊಬ್ಬನು ಕಟ್ಟೆಯಲ್ಲಿ ಕುಳಿತವರಿಗೆ ನುಡಿಯುವನು. 1914ರಲ್ಲಿ ಸೇತುವೆಯು ಸಿಡಿದಾಗ ಸಾಯುವವನೂ, ಗ್ರಂಥದ ಕೊನೆಯ ಶೋಕವನ್ನು ಹೊರುವವನೂ ಮುಸಲ್ಮಾನನಾದ ಅಲಿಹೊಜನೇ. ಪಂಡಿತನಾದ ಆಂಡ್ರಿಚನು ತಪ್ಪಿದ ಕಡೆಯಲ್ಲಿ ಕಲೆಗಾರನಾದ ಆಂಡ್ರಿಚನು ಅನೇಕ ವೇಳೆ ತಿದ್ದಿಕೊಂಡಿರುವನು.

ಆ ಎಚ್ಚರಿಕೆಯು ಸುಳ್ಳಾಗಲಿಲ್ಲ. 1991ರಲ್ಲಿ ವಿಶೆಗ್ರಾದಿನ ಜನರಲ್ಲಿ ನೂರಕ್ಕೆ 60ಕ್ಕೂ ಮಿಕ್ಕವರು ಮುಸಲ್ಮಾನರಿದ್ದರು. 1992ರಲ್ಲಿ ಅವರನ್ನು ಕೊಂದರು, ಮನೆಗಳಲ್ಲಿ ಕೂಡಿ ಸುಟ್ಟರು, ಓಡಿಸಿದರು. ಸೇತುವೆಯೇ ಕೊಲೆಯ ಸ್ಥಾನವಾಯಿತು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಸ್ಥಾನವು 2009ರಲ್ಲಿ ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. 2013ರ ಗಣತಿಯ ವೇಳೆಗೆ ಅವರ ಸಂಖ್ಯೆಯು ನೂರಕ್ಕೆ ಸುಮಾರು 10ಕ್ಕೆ ಇಳಿದಿತ್ತು. 2007ರಲ್ಲಿ ಯುನೆಸ್ಕೋ ಸಂಸ್ಥೆಯು ಸೇತುವೆಯನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲು ಉಳಿಯಿತು, ಕಟ್ಟೆಯ ಮೇಲೆ ಜೊತೆಗೆ ಕುಳಿತಿದ್ದವರು ಉಳಿಯಲಿಲ್ಲ.

ಈ ಪಾಪದ ಹೊಣೆಯನ್ನು ಒಂದು ಕಾದಂಬರಿಯ ಮೇಲೆ ಹೊರಿಸುವುದು ಅವಿವೇಕ. ಅದನ್ನು ಓದುವಾಗ ಈ ಸಂಗತಿಗಳನ್ನು ಮರೆಯುವುದೂ ಅವಿವೇಕವೇ. ಶೂಲಕ್ಕೇರಿದ ರಾದಿಸಾವನಿಗಾಗಿ ಮರುಗಿ, ಉಝಿತ್ಸೆಯಿಂದ ಬಂದ ನಿರಾಶ್ರಿತನನ್ನು ಮರೆತವನು ಈ ಗ್ರಂಥದ ಅರ್ಧವನ್ನು ಮಾತ್ರ ಓದಿದವನು. ಪೀಡಿತರ ಪಟ್ಟವು ಯಾವ ಜನಾಂಗಕ್ಕೂ ಶಾಶ್ವತವಲ್ಲ. ಪೀಡಕರ ಪಟ್ಟವೂ ಅಲ್ಲ. ಒಂದು ಕಾಲದ ಗಾಯವನ್ನು ತೋರಿಸಿ ಮತ್ತೊಂದು ಕಾಲದ ಗಾಯವನ್ನು ಸಮರ್ಥಿಸಲು ಹೊರಟವರಿಗೆ ಆಂಡ್ರಿಚನ ಗ್ರಂಥವು, ಅದರ ಕೊರತೆಗಳೊಡನೆಯೇ, ಸಾಕ್ಷಿ ನುಡಿಯಲಾರದು. ಎರಡು ಗಾಯಗಳನ್ನೂ ಒಟ್ಟಿಗೆ ನೋಡಬಲ್ಲ ಸಹೃದಯನಿಗೆ ಅದು ಇಂದಿಗೂ ದೊಡ್ಡ ಗ್ರಂಥ.