ಪ್ರಬೋಧನಾಪೀಠದ ಕೆಳಗೊಂದು ಅಡುಗೆಮನೆ

ವಿಶ್ವವಿದ್ಯಾಲಯದ ನಾಟಕ ವಿಭಾಗವೊಂದು ವರ್ಷದ ಪ್ರಯೋಗಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಅದರ ಮುಂದೆ ಎರಡು ದಾರಿಗಳಿರುತ್ತವೆ. ಜನ ಬಲ್ಲ ಹಳೆಯ ನಾಟಕಗಳನ್ನೂ ಸಭಾಂಗಣ ತುಂಬಿಸುವ ಒಂದೆರಡು ಸಂಗೀತ ನಾಟಕಗಳನ್ನೂ ಆರಿಸಿಕೊಂಡು ನೆಮ್ಮದಿಯಾಗಿರಬಹುದು. ಇಲ್ಲವೇ, ಹಣ ಹೂಡುವ ನಿರ್ಮಾಪಕರು ಮುಟ್ಟದ ಕೃತಿಯೊಂದನ್ನು ಕೈಗೆತ್ತಿಕೊಳ್ಳಬಹುದು. ಎರಡನೆಯ ದಾರಿಯನ್ನೂ ತುಳಿದ ಒಂದು ವಿಭಾಗದ ಬಗ್ಗೆ, ಅದು ರಂಗಕ್ಕೇರಿಸಿದ ಒಂದು ನಾಟಕದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ನಾಟಕವನ್ನು ನಾನು ನೋಡಿಲ್ಲ. ಓದಿದ್ದೇನೆ, ಒಂದಕ್ಕಿಂತ ಹೆಚ್ಚು ಬಾರಿ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿರುವ ಹೋವರ್ಡ್ ವಿಶ್ವವಿದ್ಯಾಲಯ 1867ರಲ್ಲಿ ಸ್ಥಾಪನೆಯಾದದ್ದು. ಕರಿಯ ಜನರ ಉನ್ನತ ಶಿಕ್ಷಣದಲ್ಲಿ ದೊಡ್ಡ ಹೆಸರು. ಅದೇ ನಗರದ ಪ್ರಮುಖ ರಂಗಮಂದಿರವಾದ ನ್ಯಾಷನಲ್ ಥಿಯೇಟರಿನಲ್ಲಿ ಕರಿಯರಿಗೆ ಪ್ರೇಕ್ಷಕರಾಗಿ ಕುಳಿತುಕೊಳ್ಳುವ ಅವಕಾಶವಿರಲಿಲ್ಲ. ನಟರ ಸಂಘ ಇದನ್ನು ವಿರೋಧಿಸಿದಾಗ, ಆ ಮಂದಿರದವರು ಬಾಗಿಲನ್ನು ಎಲ್ಲರಿಗೂ ತೆರೆಯುವುದರ ಬದಲು 1948ರಲ್ಲಿ ನಾಟಕಗಳನ್ನೇ ನಿಲ್ಲಿಸಿದರು! ಮತ್ತೆ ಅಲ್ಲಿ ನಾಟಕಗಳು ಆರಂಭವಾದದ್ದು 1952ರಲ್ಲಿ. ಇಂಥ ಊರಿನಲ್ಲಿ ಆ್ಯನ್ ಕುಕ್, ಓವನ್ ಡಾಡ್ಸನ್, ಜೇಮ್ಸ್ ಬುಚರ್ ಎಂಬ ಅಧ್ಯಾಪಕರು ಹೋವರ್ಡ್ ಪ್ಲೇಯರ್ಸ್ ಎಂಬ ವಿದ್ಯಾರ್ಥಿ ತಂಡವನ್ನು ಬೆಳೆಸಿದರು. 1949ರಲ್ಲಿ ಆ ತಂಡ ನಾರ್ವೆಗೆ ಹೋಗಿ, ಇಬ್ಸೆನ್ನನ ತಾಯ್ನಾಡಿನಲ್ಲೇ ಅವನ 'ದಿ ವೈಲ್ಡ್ ಡಕ್' ನಾಟಕವನ್ನು ಆಡಿತು. ಮುಂದೆ 1993ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಟೋನಿ ಮಾರಿಸನ್ ಕೂಡ ವಿದ್ಯಾರ್ಥಿನಿಯಾಗಿದ್ದಾಗ ಈ ತಂಡದಲ್ಲಿ ಅಭಿನಯಿಸಿದವರೇ.

ಇದೇ ರಂಗದ ಮೇಲೆ 1955ರಲ್ಲಿ ಡಾಡ್ಸನ್ ನಿರ್ದೇಶನದಲ್ಲಿ ಜೇಮ್ಸ್ ಬಾಲ್ಡ್‌ವಿನ್‌ನ 'ದಿ ಆಮೆನ್ ಕಾರ್ನರ್' ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಬ್ರಾಡ್‌ವೇ ಅದಕ್ಕೆ ಜಾಗ ಕೊಟ್ಟದ್ದು ಹತ್ತು ವರ್ಷಗಳ ನಂತರ, 1965ರಲ್ಲಿ. ಬಾಲ್ಡ್‌ವಿನ್ ಹದಿನಾಲ್ಕರ ಹರೆಯದಲ್ಲಿ ಹಾರ್ಲೆಮಿನಲ್ಲಿ ಬಾಲ ಬೋಧಕನಾಗಿದ್ದವನು. ಮೂರು ವರ್ಷ ಬೋಧಿಸಿ, ಆಮೇಲೆ ಸಭೆಯಿಂದ ಹೊರಬಂದವನು. ಧರ್ಮವನ್ನು ಹೊರಗಿನಿಂದ ನೋಡಿ ನಗುವವನ ಬರಹ ಇದಲ್ಲ.

ರಂಗಸಜ್ಜಿಕೆಯೇ ಅರ್ಧ ಕಥೆಯನ್ನು ಹೇಳುತ್ತದೆ. ಮೇಲೆ ಬಡವರ ಸಣ್ಣದೊಂದು ಪ್ರಾರ್ಥನಾಲಯ, ಕೆಳಗೆ ಸಭಾಪಾಲಕಿ ಮಾರ್ಗರೆಟಳ ಮನೆ ಮತ್ತು ಅಡುಗೆಕೋಣೆ. ಮೇಲಿನಿಂದ ಆಕೆ ನಿನ್ನ ಮನೆಯನ್ನು ವ್ಯವಸ್ಥೆಗೊಳಿಸಿಕೋ ಎಂಬ ಪ್ರವಾದಿ ಯೆಶಾಯನ ಮಾತನ್ನು ಬೋಧಿಸುತ್ತಾಳೆ. ಕೆಳಗೆ ಆಕೆಯ ಸ್ವಂತ ಮನೆ ಕುಸಿಯುತ್ತಿದೆ. ಜಾಜ್ ವಾದಕನಾದ ಗಂಡ ಲ್ಯೂಕ್ ಸಾವಿನಂಚಿನಲ್ಲಿ ಹಿಂದಿರುಗಿದ್ದಾನೆ. ಅವನೇ ಆಕೆಯನ್ನು ತೊರೆದು ಹೋದವನೆಂದು ಸಭೆ ನಂಬಿತ್ತು. ತೊರೆದು ಬಂದವಳು ಆಕೆಯೇ ಎಂಬುದು ಈಗ ಬಯಲಾಗುತ್ತದೆ. ಹಸುಗೂಸೊಂದು ತೀರಿಕೊಂಡ ದುಃಖದಲ್ಲಿ ಆಕೆ ಗಂಡನಿಂದ ಓಡಿ ದೇವರ ಬಳಿಗೆ ಬಂದಿದ್ದಳು. ಪ್ರಾರ್ಥನೆಗೆ ಪಿಯಾನೋ ನುಡಿಸುವ ಮಗ ಡೇವಿಡ್‌ನಿಗೆ ತಂದೆಯ ಸಂಗೀತವೇ ಬೇಕಾಗಿದೆ. ಇತ್ತ ಸಭೆಯ ಹಿರಿಯರು ಅಡುಗೆಮನೆಗೆ ಬಂದಿರುವ ಹೊಸ ಫ್ರಿಜ್ಜಿನ ಲೆಕ್ಕ ಕೇಳುತ್ತಾರೆ. ಹೊಟ್ಟೆಪಾಡಿಗಾಗಿ ಮದ್ಯ ಸಾಗಿಸುವ ಲಾರಿ ಓಡಿಸಲು ಹೊರಟ ಸಹೋದರನೊಬ್ಬನನ್ನು ತಡೆದವಳ ಮನೆಯಲ್ಲಿ ಫ್ರಿಜ್ಜು! ಧರ್ಮಕೇಂದ್ರಗಳ ಒಳಗುಟ್ಟು ಬಲ್ಲವರಿಗೆ ಈ ಪಿಸುಮಾತುಗಳ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಚಿಕ್ಕ ಪಾತ್ರ. ಇಡಾ ಜಾಕ್ಸನ್ ಎಂಬ ಯುವ ತಾಯಿ ಮೊದಲನೆಯ ಅಂಕದಲ್ಲಿ ಕಾಯಿಲೆಯ ಕೂಸನ್ನೆತ್ತಿಕೊಂಡು ಪ್ರಾರ್ಥನೆ ಬೇಡಲು ಬರುತ್ತಾಳೆ. ಗಂಡನನ್ನು ಬಿಡಬೇಕಾದೀತೇನೋ ಎಂಬ ಸೂಚನೆ ಮಾರ್ಗರೆಟಳ ಬಾಯಿಂದ ಬರುತ್ತದೆ. ತಾನು ಹಿಂದೆ ಮಾಡಿದ್ದನ್ನೇ ಆಕೆ ದೇವರ ಚಿತ್ತವೆಂದು ಇನ್ನೊಬ್ಬಳಿಗೆ ಹೇಳುತ್ತಿದ್ದಾಳೆ. ಕೊನೆಯ ಅಂಕದಲ್ಲಿ ಇಡಾ ಮತ್ತೆ ಬರುತ್ತಾಳೆ, ಕೂಸು ತೀರಿಕೊಂಡಿದೆ. ಈಗ ಮಾರ್ಗರೆಟಳ ಬಳಿ ಬೋಧನೆಯಿಲ್ಲ. ಮನೆಗೆ ಹೋಗು, ಗಂಡನ ಬಳಿಗೆ ಹೋಗು ಎಂದಷ್ಟೇ ಹೇಳಬಲ್ಲಳು. ಗುರುಪಟ್ಟ ಪಡೆದ ಮೊದಲ ವರ್ಷಗಳಲ್ಲಿ ನನ್ನ ಬಳಿಗೂ ಇಂಥದೇ ನೋವು ಹೊತ್ತ ಒಬ್ಬ ತಾಯಿ ಬಂದಿದ್ದರು. ಗುರುಮಠದಲ್ಲಿ ಕಲಿತ ಉತ್ತರ ಸಿದ್ಧವಾಗಿತ್ತು, ಕೊಟ್ಟೆ. ಆಕೆ ತಲೆಯಾಡಿಸಿ ಹೊರಟುಹೋದರು. ಮತ್ತೆ ಬರಲಿಲ್ಲ.

ನಾಟಕದ ತುಂಬ ಹಾಡುಗಳಿವೆ, ಆದರೆ ಕೇಳುಗರನ್ನು ರಂಜಿಸಲು ಬಂದ ಹಾಡುಗಳಲ್ಲ. ಮೇಲೆ ಸಭೆ ಹಾಡಿದಾಗಲೆಲ್ಲ ಕೆಳಗಿನ ಮನೆಯ ಮೇಲೆ ಅದರ ಭಾರ ಬೀಳುತ್ತದೆ. ಅದೇ ಭಕ್ತಿಗೀತೆ ಒಮ್ಮೆ ಆಸರೆ, ಇನ್ನೊಮ್ಮೆ ಆಯುಧ. 1983ರಲ್ಲಿ ಈ ಕಥೆ ಸಂಗೀತ ನಾಟಕವಾಗಿಯೂ ಬ್ರಾಡ್‌ವೇಗೆ ಬಂತು, ಹೆಚ್ಚು ದಿನ ನಿಲ್ಲಲಿಲ್ಲ. ಮೂಲದಲ್ಲೇ ಇಷ್ಟು ಸಂಗೀತವಿರುವಾಗ ಹೊಸ ಹಾಡುಗಳ ಅಗತ್ಯವೇನಿತ್ತೋ!

ಕೊರತೆಗಳಿಲ್ಲದಿಲ್ಲ. ಲ್ಯೂಕನ ಬಗ್ಗೆ ಲೇಖಕನಿಗೆ ಮೋಹ ಹೆಚ್ಚು. ಅವನ ಕುಡಿತದಿಂದ ಹೆಂಡತಿ ಪಟ್ಟ ಪಾಡು ಮಾತಿನಲ್ಲೇ ಮುಗಿದುಹೋಗುತ್ತದೆ. ಸಭೆಯ ಹಿರಿಯರು ಹಲವೆಡೆ ನಗೆಪಾಟಲಿನ ಬೊಂಬೆಗಳಾಗಿದ್ದಾರೆ. ಮಾರ್ಗರೆಟಳ ಕಡೆಯ ಮಾತುಗಳು, ನಾವು ಈಗಾಗಲೇ ಕಂಡದ್ದನ್ನು ಮತ್ತೆ ಬಿಡಿಸಿ ಹೇಳುತ್ತವೆ. ಆ ಮಾತುಗಳಿಗಿಂತ, ಆಕೆ ಪೀಠದಿಂದಿಳಿದು ಲ್ಯೂಕನ ಹಾಸಿಗೆಯತ್ತ ನಡೆಯುವುದು ಹೆಚ್ಚು ನಾಟುತ್ತದೆ.

ಸಭೆಯನ್ನು ಅವಮಾನಿಸುವ ಕೃತಿ ಇದೆಂದು ನಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಇದು ದೇವರನ್ನು ಪ್ರಶ್ನಿಸುವುದಿಲ್ಲ. ಮನುಷ್ಯರನ್ನು ಪ್ರೀತಿಸುವ ಕಷ್ಟದಿಂದ ತಪ್ಪಿಸಿಕೊಳ್ಳಲು ದೇವರ ಕರೆಯನ್ನು ನೆಪ ಮಾಡಿಕೊಂಡವರನ್ನು ಪ್ರಶ್ನಿಸುತ್ತದೆ. ಟಿಕೆಟ್ಟಿನ ಹಣವನ್ನೇ ನಂಬಿದ ರಂಗಮಂದಿರಗಳಿಗೆ ಬೇಡವಾಗಿದ್ದ ಈ ಪ್ರಶ್ನೆಗೆ ಮೊದಲು ಜಾಗ ಕೊಟ್ಟದ್ದು ವಿದ್ಯಾರ್ಥಿಗಳ ರಂಗ. ನಾಟಕ 1968ರಲ್ಲಿ ಪುಸ್ತಕವಾಗಿ ಹೊರಬಂದಿದೆ. ಸಿಕ್ಕರೆ, ಇಡಾ ಎರಡನೆಯ ಬಾರಿ ಬರುವ ಪುಟಗಳನ್ನು ನಿಧಾನವಾಗಿ ಓದಿರಿ.